ನಗು ಎಂದುಕೊಂಡದ್ದು

ಆ ಫೋಟೋವನ್ನು ನಾನು ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಸ್ಟೇಟಸ್‌ಗೆ ಹಾಕಿದ್ದೆ. ಕಪ್ಪು ಲ್ಯಾಬ್ರಡಾರ್ ನಾಯಿ, ಹಿಂದೆ ಬಂಡೆಗಳು, ಅದರಾಚೆ ಮಳೆಗಾಲದ ಹಸಿರು. ಬಾಯಿ ಕಿವಿಯವರೆಗೆ ತೆರೆದಿದೆ, ನಾಲಿಗೆ ಅಂಗೈಯಷ್ಟು ಅಗಲವಾಗಿ ಜೋತುಬಿದ್ದಿದೆ, ಕಣ್ಣು ಅರ್ಧ ಮುಚ್ಚಿವೆ. ಕೆಳಗೆ ಬರೆದಿದ್ದೆ: ‘ನಮ್ಮ ಬ್ರೂನೋನ ನಗು ನೋಡಿ.’ ಮಧ್ಯಾಹ್ನದೊಳಗೆ ನಲವತ್ತು ಜನ ನೋಡಿದ್ದರು. ಹಲವರು ಹೃದಯದ ಚಿತ್ರ ಕಳಿಸಿದ್ದರು. ಅಷ್ಟು ಹೊತ್ತಿಗೆ ನಾನು ಮೊಬೈಲ್ ನೋಡುವ ಸ್ಥಿತಿಯಲ್ಲಿ ಇರಲಿಲ್ಲ.

ನಾನು ಮಾನ್ವಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ರಾಯಚೂರಿನಲ್ಲಿ, ದಿನಾ ಬಸ್ಸಿನ ಓಡಾಟ. ಹುಟ್ಟಿದ ಊರು ದೇವದುರ್ಗ ತಾಲ್ಲೂಕಿನಲ್ಲಿ, ಜಾಲಹಳ್ಳಿ ಕಡೆ. ಅವ್ವ ಈಗಲೂ ಅಲ್ಲೇ ಇದ್ದಾಳೆ. ಬ್ರೂನೋ ನಮ್ಮ ಮನೆಗೆ ಬಂದಾಗ ಅವನಿಗೆ ಮೂರು ವರ್ಷ. ಹೈದರಾಬಾದಿನಲ್ಲಿದ್ದ ನನ್ನ ಹೆಂಡತಿಯ ತಮ್ಮನಿಗೆ ಪರದೇಶದಲ್ಲಿ ಕೆಲಸ ಸಿಕ್ಕಿತು, ನಾಯಿ ನಮ್ಮ ಪಾಲಿಗೆ ಬಂತು. ಮಗನಿಗೆ ಅವನು ಬ್ರೂನೋ. ಅವ್ವನಿಗೆ ಮೊದಲ ದಿನದಿಂದಲೇ ಕರಿಯ. ಎರಡು ಹೆಸರಿಗೂ ಓಡಿ ಬರುತ್ತಿದ್ದ.

ನಮ್ಮದು ಎಡೆದೊರೆ ನಾಡು. ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ. ಎರಡು ದೊಡ್ಡ ಹೊಳೆಗಳ ನಡುವೆ ಇದ್ದೂ ಬೀಳುವ ನೀರು ನೋಡಬೇಕೆಂದರೆ ಹುಡುಕಿಕೊಂಡು ಹೋಗಬೇಕು. ನೆಲ ಸಮ. ಎದ್ದಿರುವುದೆಲ್ಲ ಬಂಡೆಗುಡ್ಡಗಳೇ. ಮಳೆ ಬಿದ್ದ ಕೆಲವು ವಾರ ಮಾತ್ರ ಆ ಬಂಡೆಗಳ ನಡುವಿನ ಹಳ್ಳಗಳಿಗೆ ಜೀವ ಬರುತ್ತದೆ. ಹಾಗಾಗಿಯೇ ಇರಬೇಕು, ಇಲ್ಲಿನವರಿಗೆ ಜಲಪಾತವೆಂದರೆ ಒಂದು ಥರದ ಹಸಿವು. ನನಗೂ ಇತ್ತು. ಮಲೆನಾಡಿನವರಿಗೆ ಬಾಗಿಲಾಚೆ ಇರುವುದು ನಮಗೆ ವರ್ಷಕ್ಕೊಮ್ಮೆ ಸಿಗುವ ಹಬ್ಬ.

ನಾಯಿಯ ಜೊತೆ ಮೊದಲು ಹೋದದ್ದು ಮಾನ್ವಿ ತಾಲ್ಲೂಕಿನ ರಾಜೋಳಿಬಂಡಾಕ್ಕೆ. ಅದು ಜಲಪಾತವಲ್ಲ, ತುಂಗಭದ್ರೆಗೆ ಅಡ್ಡ ಕಟ್ಟಿದ ಒಡ್ಡು. ಮೂರು ರಾಜ್ಯಗಳು ಹಂಚಿಕೊಳ್ಳುವ ನೀರು ಅಲ್ಲಿಂದ ಕಾಲುವೆಗೆ ತಿರುಗುತ್ತದೆ. ಹೊಳೆ ತುಂಬಿದಾಗ ಒಡ್ಡಿನ ಮೇಲಿಂದ ನೀರು ಬಿಳಿ ಪಂಜಿ ಹಾಸಿದ ಹಾಗೆ ಇಳಿಯುತ್ತದೆ. ಹೊಳೆಯಲ್ಲಿ ಮೊಸಳೆ ಇರುವುದರಿಂದ ಅವನನ್ನು ನೀರಿಗೆ ಬಿಡಲಿಲ್ಲ, ದಂಡೆಯ ಮೇಲೇ ಓಡಾಡಿಸಿದೆ. ಮನೆಗೆ ಬಂದ ಮೇಲೆ ಅವನು ಮುಂಗಾಲು ನೆಕ್ಕುತ್ತ ಕೂತಿದ್ದ. ಎತ್ತಿ ನೋಡಿದರೆ ಪಾದದ ಮೆತ್ತೆಯ ಒಂದು ಕಡೆ ಚರ್ಮ ಸುಲಿದು ಕೆಂಪಾಗಿತ್ತು. ಕಲ್ಲು ತರಚಿರಬೇಕು ಎಂದುಕೊಂಡು ಅರಿಶಿನ ಹಚ್ಚಿದೆ. ಕಲ್ಲು ಸುಟ್ಟಿದೆ ಎಂಬ ಯೋಚನೆ ಬರಲಿಲ್ಲ. ನಾನು ಬೂಟು ಹಾಕಿದ್ದೆನಲ್ಲ. ಮೊದಲ ಎಚ್ಚರಿಕೆ ಅದು. ನಾನು ಅದಕ್ಕೆ ಅರಿಶಿನ ಹಚ್ಚಿ ಮುಚ್ಚಿಬಿಟ್ಟೆ.

2022ರ ಸೆಪ್ಟೆಂಬರ್ 25, ಭಾನುವಾರ. ಅಂದು ಮಹಾಲಯ ಅಮಾವಾಸ್ಯೆ. ಲಿಂಗಸುಗೂರು ತಾಲ್ಲೂಕಿನ ಗುಂಡಲಬಂಡಾ ಜಲಪಾತಕ್ಕೆ ಹೋಗುವುದೆಂದು ಮಗನಿಗೆ ಮಾತು ಕೊಟ್ಟಿದ್ದೆ. ಗೋಲಪಲ್ಲಿ ಹತ್ತಿರದ ಬಂಡೆಗಳ ನಡುವೆ ಮಳೆಗಾಲದಲ್ಲಿ ಧುಮುಕುವ ನೀರು ಅದು. ಲಿಂಗಸುಗೂರು, ಹಟ್ಟಿ, ಸುರಪುರದ ಹುಡುಗರು ಭಾನುವಾರ ಬೈಕ್ ಹತ್ತಿ ಬರುತ್ತಾರೆ. ರಾಯಚೂರಿನಿಂದ ಕಲ್ಮಲಾ, ಗಬ್ಬೂರು, ದೇವದುರ್ಗ ಹಾದು, ಜಾಲಹಳ್ಳಿ ದಾಟಿ, ತಿಂಥಣಿ ಬ್ರಿಜ್ ಹತ್ತಿರ ತಿರುಗಿ ಹೋಗುವುದೆಂದು ಲೆಕ್ಕ ಹಾಕಿದ್ದೆ. ದಾರಿಯಲ್ಲಿ ಅವ್ವನ ಮನೆ. ಆರೂವರೆಗೆ ಬಿಟ್ಟೆವು. ಎಂಟೂಕಾಲಿಗೆ ಊರಲ್ಲಿದ್ದೆವು. ಚಹಾ ಕುಡಿದು ಹೊರಡುವುದೆಂದು ಮಾತು. ಆದರೆ ಅವ್ವ ಒಲೆ ಹಚ್ಚಿ ರೊಟ್ಟಿ ಬಡಿಯುತ್ತಿದ್ದಳು, ಪುಂಡಿಪಲ್ಯ ಇತ್ತು, ಹಿರಿಯರಿಗೆ ಎಡೆ ಇಡುವುದಿತ್ತು. ಹತ್ತಾಯಿತು.

ಹೊರಡುವಾಗ ಅವ್ವ ಹೊಸ್ತಿಲಲ್ಲಿ ನಿಂತು ಹೇಳಿದಳು: “ಅಮಾಸಿ ದಿನ ಗುಡ್ಡ ಗವಾರ ತಿರಗಬಾರದಪ್ಪ. ಬಿಸಲೂ ಭಾಳ ಅದ. ಕರಿಯನ್ನರ ಬಿಟ್ಟು ಹೋಗ್ರಿ, ಇಲ್ಲೇ ಬೇವಿನ ಗಿಡದ ಬುಡಕ ಬಿದ್ದಿರ್ತಾನ.”

ಅವಳು ಹೇಳಿದ್ದು ಎರಡು ಮಾತು. ನಾನು ಜಗಳವಾಡಿದ್ದು ಮೊದಲನೆಯದರ ಜೊತೆ ಮಾತ್ರ. ಅಮಾವಾಸ್ಯೆಗೂ ಗುಡ್ಡಕ್ಕೂ ಏನು ಸಂಬಂಧ, ಚಂದ್ರ ಕಾಣದಿದ್ದರೆ ನಮಗೇನಾಗುತ್ತದೆ ಎಂದು, ಮಗನೆದುರು ಪಾಠ ಹೇಳುವ ಧ್ವನಿಯಲ್ಲಿ ವಾದ ಮಾಡಿದೆ. ಮೊದಲನೆಯದನ್ನು ಮೂಢನಂಬಿಕೆ ಎಂದು ತಳ್ಳಿದ ರಭಸದಲ್ಲಿ ಎರಡನೆಯದನ್ನೂ ಅದರ ಜೊತೆಗೇ ತಳ್ಳಿಬಿಟ್ಟೆ. ಬೇವಿನ ಮರದ ಕೆಳಗೆ ಬ್ರೂನೋ ಆಗಲೇ ಮಣ್ಣು ಕೆದರಿ, ಒಳಗಿನ ತಂಪು ಮಣ್ಣಿಗೆ ಹೊಟ್ಟೆ ಹಚ್ಚಿ ಮಲಗಿದ್ದ. ಪಟ್ಟಿ ಹಿಡಿದು ಎಬ್ಬಿಸಿದೆ. ಎದ್ದ, ಬಾಲ ಅಲ್ಲಾಡಿಸಿದ. ನಾನು ಎಲ್ಲಿಗೆ ಹೊರಟರೂ ಅವನು ಎದ್ದು ಬಾಲ ಅಲ್ಲಾಡಿಸುತ್ತಿದ್ದ. ಅದು ಜಲಪಾತಕ್ಕೆ ಕೊಟ್ಟ ಒಪ್ಪಿಗೆ ಎಂದು ನಾನು ತಿಳಿದೆ.

ರಾಯಚೂರಿನ ಮೇ ತಿಂಗಳಿಗೆ ಯಾರಾದರೂ ಹೆದರುತ್ತಾರೆ. ಸೆಪ್ಟೆಂಬರಿಗೆ ಯಾರೂ ಹೆದರುವುದಿಲ್ಲ. ನಾಯಿಗೆ ನಿಜವಾದ ಮೋಸ ಇರುವುದು ಅಲ್ಲೇ. ಹಿಂದಿನ ವಾರ ಮಳೆ ಬಿದ್ದು ನೆಲ ಒದ್ದೆ. ಮೋಡ ಸರಿದು ಬಿಸಿಲು ಚುರುಕು. ಒದ್ದೆ ನೆಲದಿಂದ ಏಳುವ ಹಬೆ, ಗಾಳಿ ಇಲ್ಲ. ಅಂಗಿ ಬೆನ್ನಿಗೆ ಅಂಟುತ್ತದೆ, ಬೆವರು ಆರುವುದಿಲ್ಲ. ತರಗತಿಯಲ್ಲಿ ನಾನು ಪ್ರತಿವರ್ಷ ಹೇಳುವ ಪಾಠ ಇದು: ನೀರು ಆವಿಯಾಗುವಾಗ ಶಾಖ ಹೀರುತ್ತದೆ, ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆವಿಯಾಗುವುದು ನಿಧಾನ. ಮಣ್ಣಿನ ಬಿಂದಿಗೆಯ ಉದಾಹರಣೆ ಕೊಡುತ್ತೇನೆ, ಅಂಗೈಗೆ ಸ್ಪಿರಿಟ್ ಹಚ್ಚಿ ತೋರಿಸುತ್ತೇನೆ. ಮನುಷ್ಯನ ಮೈತುಂಬ ಬೆವರಿನ ಗ್ರಂಥಿಗಳಿವೆ. ನಾಯಿಗೆ ಇರುವುದು ಮುಖ್ಯವಾಗಿ ಪಾದದ ಮೆತ್ತೆಗಳಲ್ಲಿ, ಅದರಿಂದ ಮೈ ತಂಪಾಗುವುದು ಅಷ್ಟರಲ್ಲೇ ಇದೆ. ಅದಕ್ಕೆ ಉಳಿದ ದಾರಿ ನಾಲಿಗೆ ಮತ್ತು ಉಸಿರು. ತೇಕುತ್ತ ತೇಕುತ್ತ ನಾಲಿಗೆಯ ಮೇಲಿನ, ಮೂಗಿನೊಳಗಿನ ತೇವವನ್ನು ಆರಿಸಿಕೊಳ್ಳಬೇಕು. ಗಾಳಿಯೇ ತೇವ ತುಂಬಿಕೊಂಡು ಕೂತಿದ್ದರೆ ಎಷ್ಟು ತೇಕಿದರೂ ಆರುವುದಿಲ್ಲ. ತೇಕುವ ಶ್ರಮದಿಂದ ಮತ್ತಷ್ಟು ಶಾಖ ಹುಟ್ಟುತ್ತದೆ. ನಾಲಿಗೆ ಅಗಲವಾಗುತ್ತದೆ, ತುಟಿಯ ಅಂಚು ಹಿಂದಕ್ಕೆ ಜಗ್ಗುತ್ತದೆ, ಕಣ್ಣು ಕಿರಿದಾಗುತ್ತವೆ. ನಾನು ಸ್ಟೇಟಸ್‌ಗೆ ಹಾಕಿದ ನಗು ಇದು.

ಅವನ ತಳಿಯ ಕಥೆಯನ್ನೂ ನಾನು ಓದಿದ್ದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಮೀನುಗಾರರ ಜೊತೆ ಕೊರೆಯುವ ಸಮುದ್ರಕ್ಕೆ ಹಾರಿ ಬಲೆ ಎಳೆಯುತ್ತಿದ್ದ ನಾಯಿಗಳ ವಂಶ. ನೀರು ಒಳಗಿಳಿಯದಂಥ ಎರಡು ಪದರದ ದಟ್ಟ ಕೂದಲು. ನಮ್ಮ ಕಡೆಯ ನಾಯಿ ಬೇರೆಯೇ. ಮುಧೋಳದ ಬೇಟೆನಾಯಿಯನ್ನು ನೋಡಿ: ಒಳಕ್ಕೆ ಸೇರಿದ ಹೊಟ್ಟೆ, ಉದ್ದ ಕಾಲು, ಮೈಗೆ ಅಂಟಿದ ಗಿಡ್ಡ ಕೂದಲು, ಮೈಯಲ್ಲಿ ಒಂದು ತೊಲ ಕೊಬ್ಬಿಲ್ಲ. ಅಂಚೆ ಇಲಾಖೆ 2005ರಲ್ಲಿ ದೇಶಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಅಂಥ ನಾಯಿಯೂ ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನ ನೆರಳು ಹುಡುಕುತ್ತದೆ. ನಾನು ನಡೆಸಲು ಹೊರಟದ್ದು ಮೂವತ್ತಾರು ಕೆಜಿ ತೂಕದ, ಇದ್ದಲಿನಂಥ ಕರಿ ಬಣ್ಣದ, ಹಿಮದ ಊರಿನ ಮೈಯನ್ನು. ಪ್ರೀತಿ ಹೆಚ್ಚಾಗಿ ಅನ್ನ ಹಾಕಿ ಹಾಕಿ ಆ ತೂಕ ಕೂಡಿಸಿದ್ದೂ ನಾವೇ.

ಕಾರು ನಿಲ್ಲಿಸಿ ನಡೆಯಲು ಶುರು ಮಾಡಿದಾಗ ಹನ್ನೊಂದು ದಾಟಿತ್ತು. ಫೋಟೋ ತೆಗೆದದ್ದು ಮೊದಲ ಹತ್ತು ನಿಮಿಷದಲ್ಲೇ. ಆಮೇಲೆ ನಾನು ಹಾದಿ ತಪ್ಪಿದೆ. ಹುಡುಗರ ಗುಂಪೊಂದು ಹೋದ ದಿಕ್ಕು ಹಿಡಿಯುವ ಬದಲು ಅಡ್ಡದಾರಿ ಅಂದುಕೊಂಡು ಜಾಲಿಗಿಡಗಳ ನಡುವೆ ನುಗ್ಗಿ, ಬೋಳು ಬಂಡೆಯ ಮೇಲೆ ಹತ್ತಿ, ಮತ್ತೆ ಇಳಿದು, ಸುತ್ತು ಹಾಕಿದೆವು. ಕೈಯಲ್ಲಿದ್ದದ್ದು ಒಂದು ಲೀಟರಿನ ಎರಡೇ ಬಾಟಲಿ. ಒಂದನ್ನು ನಾವು ಮೂವರೂ ಕುಡಿದೆವು, ಇನ್ನೊಂದರಲ್ಲಿ ಅರ್ಧ ಬ್ರೂನೋಗೆ. ಮುಂದೆ ಜಲಪಾತವೇ ಇದೆಯಲ್ಲ, ನೀರಿಗೇನು ಬರ ಎಂಬ ಧೈರ್ಯ.

ಒಂದು ದೊಡ್ಡ ಗುಂಡಿನ ನೆರಳು ಸಿಕ್ಕಾಗ ಬ್ರೂನೋ ಕೂತ. ಎಬ್ಬಿಸಿದೆ. ಇಪ್ಪತ್ತು ಹೆಜ್ಜೆಗೆ ಇನ್ನೊಂದು ನೆರಳು. ಅಲ್ಲಿ ಕಾಲು ಚಾಚಿ ಮಲಗಿಯೇಬಿಟ್ಟ. ಪಟ್ಟಿ ಜಗ್ಗಿದೆ. ಎದ್ದ. ಮೂರನೇ ಸಲ ನೆರಳೇ ಇಲ್ಲದ ಕಡೆ ಕುಸಿದು ಕೂತು ನನ್ನ ಮುಖ ನೋಡಿದ. ಇದನ್ನೆಲ್ಲ ನಾನು ನೆನಪಿನಿಂದ ಹೇಳುತ್ತಿಲ್ಲ. ಮಗ ವಿಡಿಯೋ ಮಾಡುತ್ತಿದ್ದ. ಅದರಲ್ಲಿ ನನ್ನ ಧ್ವನಿ ಸ್ಪಷ್ಟವಾಗಿ ಕೇಳುತ್ತದೆ: “ಏಳೋ ಮೈಗಳ್ಳ, ನೀರು ಇಲ್ಲೇ ಅದ.” ಹೆಂಡತಿ, “ಸ್ವಲ್ಪ ಕೂಡ್ಲಿ ಬಿಡ್ರಿ” ಅನ್ನುತ್ತಾಳೆ. ನಾನು, “ಇಲ್ಲಿ ಬಿಸಿಲಾಗ ಕುಂತು ಏನು ಮಾಡೋದು, ಐದು ನಿಮಿಷದ ದಾರಿ” ಅನ್ನುತ್ತೇನೆ. ಹಿನ್ನೆಲೆಯಲ್ಲಿ ನೀರಿನ ಸದ್ದು ಇದೆ. ಅಷ್ಟು ಹತ್ತಿರ.

ನಾಯಿಗೆ ಮಾತಿಲ್ಲ ಎನ್ನುತ್ತೇವೆ. ಅವನು ಒಂದೇ ಮಾತನ್ನು ಮೂರು ಸಲ ಹೇಳಿದ್ದ.

ಇಳಿಜಾರಿನ ತುದಿಯಲ್ಲಿ ಅವನ ಹಿಂಗಾಲು ಅಡ್ಡಾದಿಡ್ಡಿ ಬಿದ್ದವು, ಕುಡಿದವರ ಹಾಗೆ. ಎರಡು ಹೆಜ್ಜೆ ಪಕ್ಕಕ್ಕೆ ವಾಲಿ ನಡೆದು ಬಿದ್ದ. ವಾಂತಿಯಾಯಿತು. ಉಸಿರಿನಲ್ಲಿ ಗರಗಸದ ಸದ್ದು. ಒಸಡು ಇಟ್ಟಿಗೆಯಷ್ಟು ಕೆಂಪಾಗಿತ್ತು, ಬಾಯಿಯ ಜೊಲ್ಲು ಅಂಟಂಟಾಗಿ ಹಗ್ಗದಂತೆ ಇಳಿಯುತ್ತಿತ್ತು. ಮುಟ್ಟಿದರೆ ಕಾದ ಹೆಂಚು. ಕೆಳಗೆ, ಕಲ್ಲು ಎಸೆದರೆ ಬೀಳುವಷ್ಟು ದೂರದಲ್ಲಿ, ನೀರಿನ ಗುಂಡಿ. ಹುಡುಗರು ಈಜುತ್ತಿದ್ದರು.

ನಾನು ಅವನನ್ನು ಎತ್ತಿಕೊಂಡು ಮೇಲಕ್ಕೆ, ಕಾರಿನ ಕಡೆಗೆ ನಡೆದೆ.

ಅಲ್ಲಿ ಒಬ್ಬ ಕುರಿಗಾಹಿ ಅಜ್ಜ ಇದ್ದ. ಕುರಿಗಳನ್ನು ನೆರಳಿಗೆ ತುಂಬಿ, ಹೆಗಲ ಕಂಬಳಿ ಹಾಸಿಕೊಂಡು ಕೂತಿದ್ದ. ಅವನ ಎರಡು ನಾಯಿಗಳು ಹಳ್ಳದ ಅಂಚಿನ ಕೆಸರಿನಲ್ಲಿ ಹೊಟ್ಟೆಯವರೆಗೆ ಇಳಿದು ಮಲಗಿದ್ದವು. ಅಜ್ಜ ಎದ್ದು ನಿಂತು ಕೂಗಿದ: “ಏ ಸಾಹೇಬ್ರ, ಮ್ಯಾಲೆ ಎಲ್ಲಿ ಒಯ್ತೀರಿ? ಕೆಳಗ ನೀರಿಗಿ ಒಯ್ರಿ! ನೀರಾಗ ಕೆಡವ್ರಿ ಅದನ್ನ!”

“ಡಾಕ್ಟರ್ ಹತ್ರ ಒಯ್ಯಬೇಕು, ನಿಮಗ ಗೊತ್ತಾಗಲ್ಲ,” ಎಂದೆ.

ಈ ಬರಹದಲ್ಲಿ ಬರೆಯಲು ಅತಿ ಕಷ್ಟವಾದ ವಾಕ್ಯ ಅದು. ಗೊತ್ತಿದ್ದದ್ದು ಅವನೊಬ್ಬನಿಗೇ. ಬಿಸಿಲಿಗೆ ಬಿದ್ದ ನಾಯಿಗೆ ಮೊದಲು ತಂಪು, ಆಮೇಲೆ ದಾರಿ. ಪಶುವೈದ್ಯರು ಈಗ ಎಲ್ಲೆಡೆ ಹೇಳುವುದು ಇದನ್ನೇ. ನಾಯಿಯ ಮೈಬಿಸಿ ಸಾಮಾನ್ಯವಾಗಿ ಫ್ಯಾರನ್‌ಹೀಟ್ 101ರಿಂದ 102ರ ಆಸುಪಾಸು. 106 ದಾಟಿದರೆ ಒಳಗಿನ ಅಂಗಗಳು ಬೇಯಲು ಶುರುವಾಗುತ್ತವೆ: ಕರುಳು, ಮೂತ್ರಪಿಂಡ, ಮಿದುಳು, ರಕ್ತ ಹೆಪ್ಪುಗಟ್ಟುವ ಕ್ರಮ. ಎಷ್ಟು ನಿಮಿಷ ಆ ಬಿಸಿಯಲ್ಲಿ ಇತ್ತು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಕತ್ತಿನವರೆಗೆ ನೀರಿನಲ್ಲಿಟ್ಟು, ತಲೆ ಮೇಲೆತ್ತಿ ಹಿಡಿದು, ಆಮೇಲೆ ಗಾಳಿ ಬೀಸಬೇಕಿತ್ತು. ಆ ನಿಮಿಷಗಳನ್ನು ನಾನು ಬಿಸಿಲಿನಲ್ಲಿ, ನನ್ನ ಬೆವರು ಮೈಗೆ ಅವನ ಕಾದ ಮೈ ಒತ್ತಿಕೊಂಡು, ಏರು ಹತ್ತುವುದರಲ್ಲಿ ಕಳೆದೆ. ನಡುವೆ ಎರಡು ಸಲ ಇಳಿಸಿದೆ, ಕಾದ ಬಂಡೆಯ ಮೇಲೇ. ಕಾರು ಒಲೆಯಾಗಿತ್ತು. ಉಳಿದ ನೀರಿನಲ್ಲಿ ಟವೆಲ್ ನೆನೆಸಿ ಅವನ ಮೈತುಂಬ ಹೊದಿಸಿದೆ. ಅದೂ ತಪ್ಪೇ. ಒದ್ದೆ ಬಟ್ಟೆ ಸ್ವಲ್ಪ ಹೊತ್ತಿಗೆ ಬಿಸಿಯಾಗಿ ಕಂಬಳಿಯಂತೆ ಶಾಖವನ್ನು ಒಳಗೇ ಹಿಡಿದಿಡುತ್ತದೆ.

ಲಿಂಗಸುಗೂರು ಹತ್ತಿರವಿತ್ತು. ಆದರೆ ಭಾನುವಾರ, ಅಮಾವಾಸ್ಯೆ, ಅಲ್ಲಿ ನನಗೆ ಯಾರ ಪರಿಚಯವೂ ಇಲ್ಲ. ಮಾನ್ವಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಶುವೈದ್ಯ. ಹತ್ತಿರದ ಊರಿನಲ್ಲಿ ವಿಚಾರಿಸುವ ಪ್ರಯತ್ನವನ್ನೂ ಮಾಡದೆ ಒಂದೂವರೆ ತಾಸಿನ ದಾರಿ ಹಿಡಿದೆ. ಗುರುಗುಂಟಾ ದಾಟಿದ ಮೇಲೆ ಮತ್ತೆ ಸಿಗ್ನಲ್ ಸಿಕ್ಕಿತು. ಅವನು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, “ಸರ್, ನೀರಾಗ ಇಳಿಸಿದ್ರೇನು?” ನಾನು ಉತ್ತರ ಕೊಡಲಿಲ್ಲ. “ಟವೆಲ್ ತೆಗೀರಿ. ಕಿಟಕಿ ಪೂರ್ತಿ ಬಿಡ್ರಿ. ಮೊದಲು ಎಲ್ಲಿ ನೀರು ಕಾಣಿಸ್ತದ ಅಲ್ಲಿ ನಿಲ್ಲಸ್ರಿ.”

ಕವಿತಾಳದ ಈಚೆ ಒಂದು ಹತ್ತಿ ಹೊಲದಲ್ಲಿ ಬೋರ್‌ವೆಲ್ ಕಂಡಿತು. ರೈತ ಏನು ಎತ್ತ ಕೇಳದೆ ಮೋಟಾರ್ ಹಾಕಿದ. ಪೈಪಿನ ಬಾಯಿಂದ ಬೀಳುವ ನೀರಿಗೆ ಬ್ರೂನೋನನ್ನು ಹಿಡಿದೆವು. ಮಗ ಅವನ ತಲೆ ಎತ್ತಿ ಹಿಡಿದಿದ್ದ. ಆ ರೈತ ತನ್ನ ಟವೆಲ್ ಬಿಚ್ಚಿ ಇಪ್ಪತ್ತು ನಿಮಿಷ ಗಾಳಿ ಬೀಸಿದ. ಬ್ರೂನೋ ಕಣ್ಣು ತೆರೆದು ನೀರನ್ನು ನೆಕ್ಕಿದ. ಆಗ ನಮಗೆ ಗೆದ್ದೆವೆನಿಸಿತು. ರೈತ ಅವನ ಕಿವಿ ಮುಟ್ಟಿ ನೋಡಿ, “ಈಗ ಕಡಿಮಿ ಆಗ್ಯಾದ” ಎಂದ.

ಮಾನ್ವಿಗೆ ಬಂದಾಗ ಥರ್ಮಾಮೀಟರ್ 104 ತೋರಿಸಿತು. ಡ್ರಿಪ್ ಹಾಕಿದರು. ಸಂಜೆ ಎದ್ದು ನಿಂತ. ರಾತ್ರಿ ನನ್ನ ಕೈ ನೆಕ್ಕಿದ. ನನ್ನ ಶಿಷ್ಯ ಮಾತ್ರ ಖುಷಿಪಡಲಿಲ್ಲ. “ಎರಡು ಮೂರು ದಿನ ನೋಡಬೇಕು ಸರ್,” ಎಂದಷ್ಟೇ ಹೇಳಿದ. ಸೋಮವಾರ ಮೂತ್ರ ಕಡುಚಹಾದ ಬಣ್ಣಕ್ಕೆ ಬಂತು, ಆಮೇಲೆ ನಿಂತೇಹೋಯಿತು. ಮಲದಲ್ಲಿ ರಕ್ತ ಕಾಣಿಸಿತು. ಹೊಟ್ಟೆಯ ಬೋಳು ಚರ್ಮದ ಮೇಲೆ ನೇರಳೆ ಬಣ್ಣದ ಚುಕ್ಕೆಗಳು ಎದ್ದವು. ಮಂಗಳವಾರ ರಾತ್ರಿ, ನವರಾತ್ರಿಯ ಎರಡನೇ ದಿನ, ಅವನು ತೀರಿಕೊಂಡ.

ಅವನನ್ನು ಅವ್ವನ ಊರಿಗೆ ಒಯ್ದೆವು. ಬೇವಿನ ಮರದ ಬುಡದಲ್ಲಿ, ಅವನೇ ಕೆದರಿದ್ದ ತಗ್ಗು ಇನ್ನೂ ಹಾಗೇ ಇತ್ತು. ಅದನ್ನೇ ಆಳ ಮಾಡಿದೆವು. ಅವ್ವ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು. ಮಣ್ಣು ಮುಚ್ಚಿದ ಮೇಲೆ ಒಳಗೆ ಹೋಗಿ ಒಂದು ರೊಟ್ಟಿ ತಂದು ಅದರ ಮೇಲಿಟ್ಟಳು.

ಕೆಲವು ತಿಂಗಳು ನಾನು ಎಲ್ಲರ ಬಳಿ ‘ಬಿಸಿಲು ಬಡೀತು’ ಎನ್ನುತ್ತಿದ್ದೆ. ಬಿಸಿಲಿನ ಮೇಲೆ ಹಾಕಿದರೆ ಯಾರೂ ಮುಂದೆ ಕೇಳುವುದಿಲ್ಲ. ಶಾಲೆಯಲ್ಲಿ ಆವಿಯಾಗುವಿಕೆಯ ಪಾಠ ಬಂದಾಗ ಗಂಟಲು ಕಟ್ಟಿತು. ಆ ವರ್ಷ ಬಿಂದಿಗೆಯ ಉದಾಹರಣೆ ಬಿಟ್ಟು ಮಕ್ಕಳಿಗೆ ಬ್ರೂನೋನ ಕಥೆಯನ್ನೇ ಹೇಳಿದೆ, ಕುರಿಗಾಹಿ ಅಜ್ಜನಿಗೆ ನಾನು ಅಂದ ಮಾತೂ ಸೇರಿಸಿ. ಹಿಂದಿನ ಬೆಂಚಿನಲ್ಲಿ ಕುರಿ ಕಾಯುವವರ ಮನೆಯ ಹುಡುಗನೊಬ್ಬ ಕೈ ಎತ್ತಿದ. ಅವರ ಮನೆಯಲ್ಲಿ ಕುರಿ ಹೊಡೆಯುವುದು ಬೆಳಕು ಹರಿಯುವಾಗಲೇ, ಹೊತ್ತು ಏರುವ ಮುಂಚೆ ನೆರಳಿಗೆ ಸೇರಿಸುವುದು, ಮಧ್ಯಾಹ್ನ ಯಾರೂ ಏಳುವುದಿಲ್ಲ ಎಂದ. ನಾಯಿ ಎದ್ದು ನಡೆದ ಮೇಲೆಯೇ ಮಂದೆ ಏಳುತ್ತದೆಯಂತೆ. “ನಾಯಿ ಕುಂತ್ರ ನಾವೂ ಕುಂದರ್ತೀವಿ ಸರ್,” ಎಂದ. ನಾನು ಅದನ್ನು ಬೋರ್ಡಿನ ಮೇಲೆ ಬರೆಯಲಿಲ್ಲ, ಆದರೆ ಆ ಹುಡುಗನ ಹತ್ತಿರ ಹೋಗಿ ಕೂತೆ. ಅವನಿಂದ ಇನ್ನೂ ಬಹಳ ಕೇಳಿಕೊಂಡೆ. ಕಾದ ನಾಯಿಗೆ ಒಮ್ಮೆಗೇ ಹೊಟ್ಟೆತುಂಬ ನೀರು ಕುಡಿಸಬಾರದು, ಸ್ವಲ್ಪ ಸ್ವಲ್ಪ ಕೊಡಬೇಕು; ತುಟಿ ಎತ್ತಿ ಒಸಡು ನೋಡಬೇಕು; ಹಳ್ಳದ ನಿಂತ ನೀರಿಗಿಂತ ಹರಿವ ನೀರು ಮೇಲು. ನಿಂತ ನೀರಿನ ಮಾತನ್ನು ನನ್ನ ಶಿಷ್ಯನೂ ಹೇಳಿದ್ದ. ಇಲಿ, ದನಗಳ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ಅದಕ್ಕೆ ನಾಯಿಗೆ ಲಸಿಕೆ ಇದೆ.

ಗುಂಡಲಬಂಡಾಕ್ಕೆ ಮತ್ತೆ ಹೋಗಿದ್ದೆ, ಮರುವರ್ಷ, ಒಬ್ಬನೇ. ಆ ಅಜ್ಜನನ್ನು ಹುಡುಕಲು. ಸಿಗಲಿಲ್ಲ. ಕುರಿಯವರು ಒಂದೇ ಕಡೆ ಇರುವುದಿಲ್ಲ. ಬ್ರೂನೋ ಬಿದ್ದ ಜಾಗದಿಂದ ನೀರಿನ ಗುಂಡಿಯವರೆಗೆ ಹೆಜ್ಜೆ ಎಣಿಸಿದೆ. ತೊಂಬತ್ತಾರು.

ಈಗ ನಮ್ಮ ಮನೆಯಲ್ಲಿ ಓಣಿಯ ಒಂದು ಕಂದು ನಾಯಿ ಇದೆ. ತಾನಾಗಿ ಬಂದು ಉಳಿದದ್ದು, ತೆಳ್ಳಗಿನ ಹೆಣ್ಣುನಾಯಿ. ಹೆಸರಿಡುವ ಕೆಲಸ ಅವ್ವನಿಗೆ ಬಿಟ್ಟೆವು. ಕೆಂಪಿ ಎಂದಳು. ಭಾನುವಾರ ಕತ್ತಲಿರುವಾಗಲೇ ಮಗ, ನಾನು ಮತ್ತು ಕೆಂಪಿ ಮಲಿಯಾಬಾದ್ ಕೋಟೆಯ ಕಡೆ ಹೋಗುತ್ತೇವೆ. ಐದು ಲೀಟರಿನ ಕ್ಯಾನ್ ಒಂದು, ಅಗಲ ಬಾಯಿಯ ಪಾತ್ರೆ ಒಂದು. ಪಟ್ಟಿ ಮಗನ ಕೈಯಲ್ಲಿರುತ್ತದೆ. ಅವನಿಗೀಗ ಹದಿನೈದು.

ಹೋದ ವಾರ ಕೋಟೆಯ ಗೋಡೆ ದಾಟಿ ಬಂಡೆಯ ಹತ್ತಿರ ಬಂದಾಗ ಏಳೂಮುಕ್ಕಾಲು. ಮೇಲೆ ಹತ್ತಿದರೆ ಊರಿಡೀ ಕಾಣುತ್ತದೆ, ನನಗೆ ಹತ್ತುವ ಆಸೆ ಇತ್ತು. ಮಗ ಕುಕ್ಕರಗಾಲಲ್ಲಿ ಕೂತು ಕೈಯ ಹಿಂಬದಿಯನ್ನು ಬಂಡೆಗೆ ಒತ್ತಿ ಹಿಡಿದ. ತುಟಿಯಲ್ಲೇ ಒಂದರಿಂದ ಏಳರವರೆಗೆ ಎಣಿಸಿದ. ಅಷ್ಟರಲ್ಲಿ ಕೆಂಪಿ ಗೋಡೆಯ ನೆರಳಿಗೆ ಸರಿದು ಕೂತಿದ್ದಳು.

“ಅಕಿ ಕುಂತಾಳಪ್ಪ,” ಎಂದ ಮಗ.

ನಾನೂ ಅವಳ ಪಕ್ಕದಲ್ಲಿ ಕೂತೆ.